ಈ ವಾರದ ಕಟ್ಟಡ: ಡೆನ್ವರ್‌ನ ಬ್ರೌನ್ ಪ್ಯಾಲೇಸ್

ಆತ್ಮೀಯ ಸದಸ್ಯರೇ, ಈ ವಾರದ ಚರ್ಚೆಗೆ ಅಮೆರಿಕದ ಡೆನ್ವರ್ ನಗರದ ನಡುಭಾಗದಲ್ಲಿರುವ ಬ್ರೌನ್ ಪ್ಯಾಲೇಸ್ ಹೋಟೆಲನ್ನು ಆರಿಸಿಕೊಂಡಿದ್ದೇವೆ. 1892ರಲ್ಲಿ ತೆರೆದ ಈ ಕಟ್ಟಡವನ್ನು ವಾಸ್ತುಶಿಲ್ಪಿ ಫ್ರಾಂಕ್ ಎಡ್‌ಬ್ರೂಕ್ ಇಟಲಿಯ ನವೋದಯ ಶೈಲಿಯಲ್ಲಿ ರೂಪಿಸಿದರು. ನಿವೇಶನವೇ ತ್ರಿಕೋನಾಕಾರದ್ದು, ಆ ಇಕ್ಕಟ್ಟನ್ನೇ ಅವರು ಚೆಲುವಾಗಿಸಿದ ರೀತಿ ನನಗಂತೂ ಬಹಳ ಮೆಚ್ಚು. ಹೊರಗೋಡೆಗೆ ಕೆಂಪು ಗ್ರಾನೈಟ್ ಮತ್ತು ಮರಳುಗಲ್ಲು. ಒಳಗೆ ಎಂಟು ಅಂತಸ್ತಿನಷ್ಟು ಎತ್ತರದ ನಡುವಂಗಳ, ಸುತ್ತಲೂ ಎರಕದ ಕಬ್ಬಿಣದ ಕಟಕಟೆ, ಮೇಲೆ ಬಣ್ಣದ ಗಾಜಿನ ಚಾವಣಿ.

ಏಳನೆಯ ಅಂತಸ್ತಿನ ಕಿಟಕಿಗಳ ನಡುವಿನ ಕೆತ್ತನೆಗಳನ್ನು ದಯವಿಟ್ಟು ಹಿಗ್ಗಿಸಿ ನೋಡಿ: ಶೈಲಿ ಇಟಲಿಯದಾದರೂ ಕಲ್ಲಿನಲ್ಲಿ ಮೂಡಿರುವುದು ಡೆನ್ವರ್ ಇರುವ ಕೊಲರಾಡೊ ರಾಜ್ಯದ ಪ್ರಾಣಿಗಳು!

ಅಲ್ಲಿಗೆ ಹೋಗಿಬಂದವರು ತಾವೇ ತೆಗೆದ ಚಿತ್ರಗಳನ್ನು ಭಾನುವಾರದೊಳಗೆ ಹಾಕಿ. ಬೇರೆಡೆಯಿಂದ ಬಂದ ಚಿತ್ರಗಳು ಬೇಡ.