ಎಚ್ಚರಿಕೆ ಕಿವಿಗೂ ಕೇಳಲಿ, ಕಣ್ಣಿಗೂ ಕಾಣಲಿ

ಮಾನ್ಯರೇ,

ಸಾಫ್ಟ್‌ವೇರ್ ಎಚ್ಚರಿಕೆ ಕೊಡುವಾಗ ಸದ್ದು ಮಾಡಬೇಕೋ, ತೆರೆಯ ಮೇಲೆ ತೋರಿಸಬೇಕೋ ಎಂದು ಒಂದನ್ನೇ ಆರಿಸುವುದು ತಪ್ಪು. ಎರಡೂ ಇರಬೇಕು. ಯಾವುದು ಬೇಡ ಎನ್ನುವ ಆಯ್ಕೆ ಬಳಸುವವರದ್ದಾಗಬೇಕು.

ಕಿವಿ ಕೇಳದವರಿಗೆ ಬರೀ ‘ಟಿಂಗ್’ ಸದ್ದಿನಿಂದ ಏನು ಉಪಯೋಗ? ಬ್ಯಾಟರಿ ಮುಗಿಯುತ್ತಿದೆ ಎಂದು ಲ್ಯಾಪ್‌ಟಾಪ್ ಕೂಗಿಕೊಂಡರೂ ಅವರಿಗೆ ಗೊತ್ತಾಗುವುದು ತೆರೆ ಕಪ್ಪಾದ ಮೇಲೆಯೇ. ಕಣ್ಣು ಕಾಣದವರ ಕಷ್ಟ ಇದರ ತಿರುಗುಮುರುಗು. ಫಾರಂ ತುಂಬುವಾಗ ತಪ್ಪಾದರೆ ಎಷ್ಟೋ ಆ್ಯಪ್‌ಗಳು ಆ ಚೌಕದ ಅಂಚನ್ನು ಕೆಂಪು ಮಾಡಿ ಸುಮ್ಮನಾಗುತ್ತವೆ. ತೆರೆಯ ಮೇಲಿನ ಬರಹವನ್ನು ಅವರಿಗೆ ಓದಿ ಹೇಳುವ ‘ಸ್ಕ್ರೀನ್ ರೀಡರ್’ ಸಾಫ್ಟ್‌ವೇರ್ ಅಂಚು ಕೆಂಪಾದದ್ದನ್ನು ಹೇಳುವುದಿಲ್ಲ. ಕೆಂಪು, ಹಸಿರು ಬೇರೆಬೇರೆಯಾಗಿ ಕಾಣದವರಿಗೂ ಅದು ಗೊತ್ತಾಗದೇ ಹೋಗಬಹುದು. ಏನು ತಪ್ಪಾಗಿದೆ ಎಂದು ಪಕ್ಕದಲ್ಲಿ ಒಂದು ಸಾಲು ಬರೆದರೆ ಸಾಕಲ್ಲವೇ? ಬಣ್ಣವೊಂದನ್ನೇ ನಂಬಿ ವಿಷಯ ತಿಳಿಸಬಾರದು ಎಂದು ಅಂಗವಿಕಲರೂ ವೆಬ್ ಬಳಸುವಂತಾಗಲಿ ಎಂದು 2008ರಲ್ಲೇ ಬಂದ ಡಬ್ಲ್ಯುಸಿಎಜಿ 2.0 ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳಿದೆ. ಸೆಕೆಂಡಿಗೆ 3 ಸಲಕ್ಕಿಂತ ಜಾಸ್ತಿ ಮಿಂಚುವ ತೆರೆಯೂ ಅಪಾಯವೇ. ಮೂರ್ಛೆರೋಗವಿರುವ ಕೆಲವರಿಗೆ ಅದರಿಂದ ಫಿಟ್ಸ್ ಬರಬಹುದು.

ಹಾಗಂತ ಎಲ್ಲದಕ್ಕೂ ಸದ್ದು ಬೇಡ. ರಿಯಾಯಿತಿ ಜಾಹೀರಾತಿಗೂ, ಖಾತೆಯಿಂದ ಹಣ ಹೋದ ಸುದ್ದಿಗೂ ಒಂದೇ ಸದ್ದು ಬಂದರೆ ಜನ ಬೇಸತ್ತು ಎಲ್ಲವನ್ನೂ ಮ್ಯೂಟ್ ಮಾಡುತ್ತಾರೆ, ಅಲ್ವಾ?

ಆ್ಯಪ್ ಮೊದಲ ಸಲ ತೆರೆದಾಗಲೇ ಸದ್ದು, ವೈಬ್ರೇಷನ್, ಬರಹ ಇವುಗಳಲ್ಲಿ ಯಾವುದು ಬೇಕು ಎಂದು ಕೇಳಲಿ. ತುರ್ತು ಎಚ್ಚರಿಕೆಯಂತೂ ಎರಡು ಬಗೆಯಲ್ಲಾದರೂ ಬರಲಿ. ಬಿಡುಗಡೆಗೆ ಮುಂಚೆ ಕಿವಿ ಕೇಳದವರ, ಕಣ್ಣು ಕಾಣದವರ ಕೈಗೆ ಕೊಟ್ಟು ಕಂಪನಿಗಳು ಅದನ್ನು ಪರೀಕ್ಷಿಸಲಿ.