ಕುಕ್ಕರಹಳ್ಳಿ ಕೆರೆ ಏರಿಯ ಯಜಮಾನರಿಗೆ

ಯಜಮಾನ್ರೇ, ನಿಮ್ಮ ಹೆಸರು ನಮಗೆ ಗೊತ್ತಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಆವರಣ ಮಾನಸಗಂಗೋತ್ರಿಯಿಂದ ನಮ್ಮ ವಿದ್ಯಾರ್ಥಿ ಮಕ್ಕಳು ಕೆರೆ ನೀರಿನ ಮಾದರಿ ತೆಗೆಯಲು ಬಂದಿದ್ದ ಬೆಳಿಗ್ಗೆ, ವಾಕಿಂಗ್ ಅರ್ಧಕ್ಕೇ ಬಿಟ್ಟು ಜೊತೆಗೆ ನಿಂತಿರಿ. ತುಂಬು ಮನಸ್ಸಿನ ಧನ್ಯವಾದ.

ಕರಗಿದ ಆಮ್ಲಜನಕ ಅಳೆಯುವ ಬಾಟಲಿಯನ್ನು ನೀರೊಳಗೇ ತುಂಬಿಸಿ, ಅಲ್ಲೇ ಮುಚ್ಚಬೇಕು. ಒಂದು ಗಾಳಿಗುಳ್ಳೆ ಉಳಿದರೂ ಲೆಕ್ಕ ತಪ್ಪುತ್ತದೆ. ಪಾಚಿ ಕಟ್ಟಿದ ಕಲ್ಲಿನ ಮೇಲೆ ಬಗ್ಗಿದ್ದ ಹುಡುಗಿಯ ತೋಳನ್ನು ನೀವು ಗಟ್ಟಿಯಾಗಿ ಹಿಡಿದುಕೊಂಡಿರಿ, ಅವಳು ನಿಶ್ಚಿಂತೆಯಿಂದ ಬಾಟಲಿ ಮುಳುಗಿಸಿದಳು. ಆಮೇಲೆ, "ಆ ಮೂಲೆ ನೀರೂ ತಗೊಳ್ಳಮ್ಮ, ಮಳೆ ಬಂದ್ರೆ ಕೊಳೆಯೆಲ್ಲ ಅಲ್ಲಿಂದ್ಲೇ ಇಳಿಯೋದು" ಅಂದಿರಿ. ನಮ್ಮ ನಕ್ಷೆಯಲ್ಲಿ ಆ ಜಾಗವೇ ಇರಲಿಲ್ಲ. ಎಲ್ಲಕ್ಕಿಂತ ಕಡಿಮೆ ಆಮ್ಲಜನಕ ಸಿಕ್ಕಿದ್ದು ಅಲ್ಲೇ! ಮಕ್ಕಳ ವರದಿಯ ಜೀವಾಳ ಈಗ ಆ ಮೂಲೆ.

ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಈ ಕೆರೆಯಷ್ಟು ಒಳ್ಳೆಯ ಪ್ರಯೋಗಾಲಯ ಯಾವ ಕಟ್ಟಡದಲ್ಲೂ ಇಲ್ಲವೆಂದೇ ನನ್ನ ನಂಬಿಕೆ. ಪಾಠದಲ್ಲಿ ಓದಿದ ಹೆಜ್ಜಾರ್ಲೆ ಇಲ್ಲಿ ಚೀಲದಂಥ ಕೊಕ್ಕಿನಲ್ಲಿ ಮೀನು ಮೊಗೆಯುವುದನ್ನು ಕಣ್ಣಾರೆ ನೋಡಬಹುದು.

ಇದು ನಿಮ್ಮ ಕಣ್ಣಿಗೆ ಬಿದ್ದರೆ ದಯವಿಟ್ಟು ವಿಭಾಗಕ್ಕೆ ಬನ್ನಿ. ವರದಿ ನಿಮಗೇ ಮೊದಲು ತೋರಿಸಬೇಕೆಂದು ಮಕ್ಕಳು ಹಟ ಹಿಡಿದಿದ್ದಾರೆ.