ಆಲ್ಬಂ ಸಾಫ್ಟ್‌ವೇರ್ ಬಳಸುವ ಎಲ್ಲರಿಗೂ: ಈ ಅಪ್‌ಡೇಟ್ ಮುಂದೂಡಬೇಡಿ

ಅಕ್ಟೋಬರ್ 2023

ಸ್ಟುಡಿಯೋದವರಿಗೆ, ಪ್ರಿಂಟಿಂಗ್ ಪ್ರೆಸ್ಸಿನವರಿಗೆ ನಮಸ್ಕಾರ.

ಮದುವೆ ಸೀಸನ್ ಹತ್ತಿರ ಬರುವಾಗ ಸಾಫ್ಟ್‌ವೇರ್ ಬದಲಾಯಿಸಿ ಅಂದರೆ ಯಾರಿಗೂ ಇಷ್ಟವಾಗಲ್ಲ, ನಮಗೂ ಗೊತ್ತು. ಆದರೂ ಈ ಸಲದ ಅಪ್‌ಡೇಟ್ ಇವತ್ತೇ ಹಾಕಿಕೊಳ್ಳಿ. ಇದರಲ್ಲಿ ಹೊಸ ಫ್ರೇಮು, ಹೊಸ ಫಾಂಟು ಏನೂ ಇಲ್ಲ. ಭದ್ರತಾ ದೋಷ ಇದ್ದ ಒಳಗಿನ ಒಂದು ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಬದಲಾಗಿದೆ. ಜೊತೆಗೆ ಇನ್ನೊಂದು ದೊಡ್ಡ ಬದಲಾವಣೆ: ವಿಂಡೋಸ್ 7, 8 ಮತ್ತು 8.1ಕ್ಕೆ ಇದೇ ನಮ್ಮ ಕೊನೆಯ ಆವೃತ್ತಿ.

ವೆಬ್‌ಪಿ ಅನ್ನೋ ಫೋಟೋ ಫಾರ್ಮ್ಯಾಟ್ ನೀವು ದಿನಾ ನೋಡುತ್ತೀರಿ. ಗೂಗಲ್ 2010ರಲ್ಲಿ ತಂದಿದ್ದು. ವೆಬ್‌ಸೈಟ್‌ಗಳಿಂದ ಇಳಿಸಿಕೊಂಡ ಎಷ್ಟೋ ಚಿತ್ರ ಇದರಲ್ಲೇ ಇರುತ್ತವೆ, ವಾಟ್ಸಾಪ್ ಸ್ಟಿಕರ್‌ಗಳೂ ಇದೇ. ಈ ಫೈಲನ್ನು ಬಿಡಿಸಿ ಚಿತ್ರವಾಗಿ ತೋರಿಸುವುದು ಲಿಬ್‌ವೆಬ್‌ಪಿ ಅನ್ನೋ ಓಪನ್ ಸೋರ್ಸ್ ಲೈಬ್ರರಿ, ಅಂದರೆ ಅದರ ಕೋಡ್ ಯಾರು ಬೇಕಾದರೂ ನೋಡಬಹುದು, ಬಳಸಬಹುದು. ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಒಳಗೆಲ್ಲ ಅದೇ ಇದೆ. ನಮ್ಮ ಸಾಫ್ಟ್‌ವೇರ್‌ನಲ್ಲಿ ಎರಡು ಕಡೆ ಇದೆ: ನಮ್ಮ ಸಾಫ್ಟ್‌ವೇರ್ ಕಟ್ಟೋಕೆ ಬಳಸಿರುವ, ಕ್ರೋಮ್‌ನ ಒಳಭಾಗವನ್ನೇ ಹೊತ್ತ ಎಲೆಕ್ಟ್ರಾನ್ ಅನ್ನೋ ಚೌಕಟ್ಟಿನ ಜೊತೆ ಬಂದಿದ್ದು ಒಂದು, ಫೋಟೋ ಇಂಪೋರ್ಟ್ ಮಾಡುವ ಭಾಗದಲ್ಲಿ ಇನ್ನೊಂದು.

2023ರ ಸೆಪ್ಟೆಂಬರ್ 6ರಂದು ಆಪಲ್‌ನ ಭದ್ರತಾ ತಂಡ ಮತ್ತು ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಅನ್ನೋ ಸಂಶೋಧನಾ ತಂಡದವರು ಇದರಲ್ಲಿರುವ ದೋಷವನ್ನು ಗೂಗಲ್‌ಗೆ ತಿಳಿಸಿದರು. 11ಕ್ಕೆ ಕ್ರೋಮ್‌ಗೆ ರಿಪೇರಿ ಬಂತು, ಮರುದಿನ ಫೈರ್‌ಫಾಕ್ಸ್‌ಗೆ. ಇದನ್ನು ಬಳಸುವ ದಾಳಿ ಕೋಡ್ ಆಗಲೇ ಹೊರಗೆ ಓಡಾಡುತ್ತಿದೆ ಅಂತ ಗೂಗಲ್ಲೇ ಹೇಳಿತು. ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-2023-4863 ಅನ್ನೋದು ಇದರ ಸಂಖ್ಯೆ. ಮೊದಮೊದಲು ಇದನ್ನು ಕ್ರೋಮ್‌ನ ದೋಷ ಅಂತಲೇ ದಾಖಲಿಸಿದ್ದರಿಂದ, ಬ್ರೌಸರ್ ಅಪ್‌ಡೇಟ್ ಮಾಡಿದರೆ ಮುಗೀತು ಅಂದುಕೊಂಡವರು ಜಾಸ್ತಿ. ಮುಗಿದಿಲ್ಲ. ಹಳೆಯ ಲೈಬ್ರರಿ ಎಲ್ಲೆಲ್ಲಿದೆಯೋ ಅಲ್ಲೆಲ್ಲ ದೋಷ ಇದೆ.

ಆಗೋದು ಏನು ಅಂದರೆ, ವೆಬ್‌ಪಿಯಲ್ಲಿ ಗುಣಮಟ್ಟ ಕಳೆಯದೆ ಕುಗ್ಗಿಸುವ ಒಂದು ಬಗೆ ಇದೆ. ಅದರಲ್ಲಿ ಪದೇಪದೇ ಬರುವ ಬಣ್ಣಕ್ಕೆ ಚಿಕ್ಕ ಕೋಡ್, ಅಪರೂಪದ್ದಕ್ಕೆ ಉದ್ದದ ಕೋಡ್. ಹಫ್‌ಮನ್ ಕೋಡ್ ಅನ್ನುತ್ತಾರೆ. ಯಾವ ಕೋಡ್ ಎಷ್ಟುದ್ದ ಅನ್ನೋದನ್ನು ಫೈಲೇ ಹೇಳುತ್ತದೆ, ಲೈಬ್ರರಿ ಅದನ್ನೋದಿ ಮೆಮೊರಿಯಲ್ಲಿ ಒಂದು ಟೇಬಲ್ ಕಟ್ಟುತ್ತದೆ. ಹೆಚ್ಚೆಂದರೆ ಎಷ್ಟು ಜಾಗ ಬೇಕು ಅಂತ ಮೊದಲೇ ಲೆಕ್ಕ ಹಾಕಿಟ್ಟಿದ್ದರು. ನೆಟ್ಟಗಿನ ಫೈಲಿಗೆ ಆ ಲೆಕ್ಕ ಸಾಕಾಗುತ್ತಿತ್ತು. ಬೇಕಂತಲೇ ತಪ್ಪು ಉದ್ದಗಳನ್ನು ತುಂಬಿದ ಫೈಲ್ ಬಂದರೆ ಮಾತ್ರ, ನಕ್ಷೆ ಸರಿಯಿದೆಯಾ ಅಂತ ನೋಡೋ ಮೊದಲೇ ಗೋಡೆ ಎಬ್ಬಿಸುತ್ತಾ ತನ್ನ 30×40 ಅಡಿ ಸೈಟ್ ದಾಟಿ ಪಕ್ಕದವರ ಜಾಗದಲ್ಲೂ ಕಟ್ಟಿಬಿಟ್ಟ ಹಾಗೆ, ಟೇಬಲ್ ತನಗೆ ಕೊಟ್ಟ ಮೆಮೊರಿ ಮೀರಿ ಆಚೆಗೂ ಬರೆಯುತ್ತಿತ್ತು. ಅಲ್ಲಿದ್ದದ್ದು ಕೆಡುತ್ತದೆ. ಅದೃಷ್ಟ ಇದ್ದರೆ ಸಾಫ್ಟ್‌ವೇರ್ ಕ್ರ್ಯಾಶ್ ಆಗುತ್ತದೆ, ಅಷ್ಟೇ. ಇಲ್ಲದಿದ್ದರೆ ಫೈಲ್ ಕಳಿಸಿದವನ ಕೋಡ್ ನಿಮ್ಮ ಕಂಪ್ಯೂಟರ್‌ನಲ್ಲಿ ಓಡಬಹುದು.

ಇದಕ್ಕೆ ನೀವು ಫೈಲ್ ಕ್ಲಿಕ್ ಮಾಡಬೇಕು ಅಂತಲೂ ಇಲ್ಲ. ಫೋಲ್ಡರ್ ತೆರೆದ ಕೂಡಲೇ ನಮ್ಮ ಸಾಫ್ಟ್‌ವೇರ್ ಥಂಬ್‌ನೇಲ್ (ಫೋಟೋದ ಪುಟ್ಟ ಚಿತ್ರ) ಮಾಡುತ್ತದಲ್ವಾ, ಅಷ್ಟು ಸಾಕು. ಹೆಸರಿನ ಕೊನೆಯಲ್ಲಿ ಜೆಪಿಜಿ ಅಂತ ಇದ್ದರೂ ನಂಬಬೇಡಿ. ನಮ್ಮ ಸಾಫ್ಟ್‌ವೇರ್ ಹೆಸರು ನೋಡಲ್ಲ, ಫೈಲಿನ ಮೊದಲ ಬೈಟ್‌ಗಳನ್ನು ನೋಡುತ್ತದೆ. ಅಲ್ಲಿ ರಿಫ್ (RIFF), ಸ್ವಲ್ಪ ಮುಂದೆ ವೆಬ್‌ಪಿ (WEBP) ಅನ್ನೋ ಅಕ್ಷರಗಳಿದ್ದರೆ ಅದು ವೆಬ್‌ಪಿಯೇ. ದಿನಾ ಯಾರ್ಯಾರದೋ ಪೆನ್‌ಡ್ರೈವ್, ಯಾವ್ಯಾವುದೋ ನಂಬರಿನಿಂದ ಫೋಟೋ ಬರುವ ಕೆಲಸ ನಿಮ್ಮದು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇವೆ.

ಫ್ರೀ ಲೈಬ್ರರಿ ಯಾಕೆ ಹಾಕಿದಿರಿ, ಸ್ವಂತದ್ದು ಬರೆಯಬಹುದಿತ್ತಲ್ಲ ಅಂತ ಕೆಲವರು ಕೇಳಿದ್ದಾರೆ. ನಾವು ಬರೆದರೆ ಇದಕ್ಕಿಂತ ಜಾಸ್ತಿ ದೋಷ ಇರುತ್ತದೆ, ಹುಡುಕಿ ಹೇಳುವವರು ಮಾತ್ರ ಯಾರೂ ಇರಲ್ಲ. ಈ ಲೈಬ್ರರಿಗೆ ಗೂಗಲ್‌ನ ಯಂತ್ರಗಳು ವರ್ಷಗಟ್ಟಲೆ ಅಡ್ಡಾದಿಡ್ಡಿ ಫೈಲ್ ತಿನ್ನಿಸಿ ಪರೀಕ್ಷೆ ಮಾಡಿದ್ದವು. ಆದರೂ ಇದು ಸಿಕ್ಕಿರಲಿಲ್ಲ. ಸಿಕ್ಕಿದ ಮೇಲೆ ರಿಪೇರಿ ಮಾಡಿದ ಸಾಲುಗಳು ಎಲ್ಲರ ಕಣ್ಣಿಗೂ ಬಿದ್ದವು, ನಾವೂ ಓದಿ ನೋಡಿ ಹಾಕಿಕೊಂಡೆವು. ಓಪನ್ ಸೋರ್ಸ್ ಬಿಡುವ ಯೋಚನೆ ನಮಗಿಲ್ಲ.

ಈಗ ವಿಂಡೋಸ್ 7 ವಿಷಯ. ಅದರಲ್ಲಿ ಓಡುವ ಕೊನೆಯ ಎಲೆಕ್ಟ್ರಾನ್ ಅಂದರೆ 22. ಅದಕ್ಕೂ 2023ರ ಅಕ್ಟೋಬರ್‌ನಲ್ಲಿ ಬೆಂಬಲ ಮುಗಿಯಿತು. ಮೈಕ್ರೋಸಾಫ್ಟ್ ಅಂತೂ 2020ರ ಜನವರಿಯಲ್ಲೇ ವಿಂಡೋಸ್ 7ರ ಸಾಮಾನ್ಯ ಬೆಂಬಲ ನಿಲ್ಲಿಸಿತ್ತು. ಹಳೆ ಯಂತ್ರದವರಿಗೆ ಈಗ ಕೊಡುತ್ತಿರುವ ಆವೃತ್ತಿಯಲ್ಲಿ ಈ ದೋಷ ಸರಿಯಾಗಿದೆ. ಆದರೆ ನಾಳೆ ಇನ್ನೊಂದು ದೋಷ ಬಂದರೆ ಸರಿಪಡಿಸೋಕೆ ನಮಗೆ ದಾರಿ ಇರಲ್ಲ. ಹೊಸ ಕಂಪ್ಯೂಟರ್ ಅಂದರೆ ಸುಮ್ನೆ ಆಗೋ ಮಾತಲ್ಲ, ಒಪ್ಪುತ್ತೇವೆ. ಅಲ್ಲಿಯವರೆಗೆ ಹಳೆಯದನ್ನು ಇಂಟರ್ನೆಟ್‌ನಿಂದ ಬಿಡಿಸಿ ಪ್ರಿಂಟಿಗೆ ಮಾತ್ರ ಇಟ್ಟುಕೊಳ್ಳಿ. ಹೊರಗಿನಿಂದ ಬಂದ ಫೋಟೋಗಳನ್ನು ಅದರಲ್ಲಿ ತೆರೆಯಬೇಡಿ.

ಅಪ್‌ಡೇಟ್ ಆದ ಮೇಲೆ ಸಹಾಯ ಮೆನುವಿನಲ್ಲಿ 'ಒಳಗಿನ ಲೈಬ್ರರಿಗಳು' ಅನ್ನೋ ಹೊಸ ಪಟ್ಟಿ ಕಾಣುತ್ತದೆ. ಇಂಪೋರ್ಟ್ ಭಾಗದ ಸಾಲಿನಲ್ಲಿ ಲಿಬ್‌ವೆಬ್‌ಪಿ 1.3.2 ಅಂತ ಇದ್ದರೆ ಸರಿಯಾಗಿ ಕೂತಿದೆ ಅಂತ ಅರ್ಥ. ಹಳೆಯ ಆಲ್ಬಂ ಫೈಲ್‌ಗಳಿಗೆ ಏನೂ ಆಗಲ್ಲ. ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಮುಗಿದವರಿಗೂ ಈ ಅಪ್‌ಡೇಟ್‌ಗೆ ದುಡ್ಡಿಲ್ಲ. ಲೈಸೆನ್ಸ್ ಕೀ ಕೇಳಿದರೆ ಹಳೆಯದನ್ನೇ ಹಾಕಿ.